ನಗರಸಭೆಯ ಕರ್ತವ್ಯ, ನಮ್ಮದೊಂದು ತಪ್ಪು

ಇಲ್ಲಿ ಏನನ್ನೂ ಬರೆಯದೆ ಕೆಲವು ತಿಂಗಳುಗಳೇ ಆದವು. ವಿಷಯ ಇರಲಿಲ್ಲವೆಂದಲ್ಲ. ಇದ್ದ ಒಂದು ವಿಷಯವನ್ನು ಬರೆಯಲು ನಾಚಿಕೆಯಾಗುತ್ತಿತ್ತು. ಈಗ ಬರೆದುಬಿಡುತ್ತೇವೆ. ‘ನಾವು’ ಅಂದರೆ ಕಾಸರಗೋಡು ಜಿಲ್ಲೆಯ ಒಂದು ಸಣ್ಣ ಪೇಟೆಯ ಕನ್ನಡ ಎಲ್.ಪಿ. ಶಾಲೆಯ ನಾಲ್ವರು ಅಧ್ಯಾಪಕರು. ತಪ್ಪು ನಾಲ್ವರದ್ದೂ ಹೌದು, ಆದ್ದರಿಂದ ‘ನಾನು’ ಎಂದು ಬರೆದು ಒಬ್ಬನೇ ಹೊತ್ತುಕೊಳ್ಳುವುದೂ ಸರಿಯಲ್ಲ, ‘ಅವರು’ ಎಂದು ಬರೆದು ಜಾರಿಕೊಳ್ಳುವುದೂ ಸರಿಯಲ್ಲ.

2024ರ ನವೆಂಬರ್ ತಿಂಗಳಲ್ಲಿ ನಾಲ್ಕನೇ ತರಗತಿಯ ಒಬ್ಬ ಹುಡುಗ ಪದೇ ಪದೇ ರಜೆ ಹಾಕತೊಡಗಿದ. ವಾರಕ್ಕೆ ಒಂದು ದಿನ, ಕೆಲವೊಮ್ಮೆ ಎರಡು ದಿನ. ಜಾಣ ಹುಡುಗ, ಕಾಪಿ ಬರೆದರೆ ಮುತ್ತಿನಂಥ ಅಕ್ಷರ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹೆಚ್ಚುತ್ತಾ ಹೋದಾಗ ನಾವು ಸಹಜವಾಗಿಯೇ ಗದರಿದೆವು.

“ನಿನ್ನೆ ಎಲ್ಲಿಗೆ ಹೋಗಿದ್ದೆ ಮಾರಾಯ?”

“ಬೇಂಕಿಗೆ ಮಾಷ್ಟ್ರೇ. ಅಜ್ಜಿಯೊಟ್ಟಿಗೆ.”

“ಕಳೆದ ವಾರವೂ ಬೇಂಕು ಅಂದಿದ್ದೆಯಲ್ಲ?”

“ಪೈಸೆ ಬರ್ಲಿಲ್ಲ ಮಾಷ್ಟ್ರೇ. ಪುನಃ ನೋಡ್ಲಿಕ್ಕೆ ಹೋದದ್ದು.”

ಇವನ ಮನೆಯಲ್ಲಿ ಇರುವುದು ಇಬ್ಬರೇ, ಇವನು ಮತ್ತು ಅಜ್ಜಿ. ಅಜ್ಜಿ ಬೀಡಿ ಕಟ್ಟಿ ಬದುಕಿದವರು. ಕಣ್ಣು ಮಂದವಾದ ಮೇಲೆ ಅದೂ ಕಡಿಮೆಯಾಗಿತ್ತು. ವೃದ್ಧಾಪ್ಯ ಪಿಂಚಣಿಯ 1,600 ರೂಪಾಯಿಯೇ ಮನೆಯ ಆಧಾರ. ಅದು ಸೆಪ್ಟೆಂಬರಿನಿಂದ ಬಂದಿರಲಿಲ್ಲ. ಅಜ್ಜಿ ಮೊದಲೆರಡು ತಿಂಗಳು ಚಿಂತೆ ಮಾಡಲೇ ಇಲ್ಲವಂತೆ. 2023-24ರಲ್ಲಿ ಇಡೀ ಕೇರಳದಲ್ಲೇ ಕ್ಷೇಮ ಪಿಂಚಣಿ ಹಲವು ತಿಂಗಳು ಬಾಕಿ ಬಿದ್ದಿತ್ತಲ್ಲ, ಹಾಗೆಯೇ ಇರಬೇಕು ಎಂದುಕೊಂಡರು. ನೆರೆಮನೆಯವರಿಗೆ ಬಂದು ತನಗೆ ಮಾತ್ರ ಬಾರದಾಗ ಮೊಮ್ಮಗನನ್ನು ಕರೆದುಕೊಂಡು ಬ್ಯಾಂಕಿಗೆ ಓಡಾಡತೊಡಗಿದರು. ಪಾಸ್‌ಬುಕ್ಕಿನ ಅಂಕಿ ನೋಡಲು, ಕೌಂಟರಿನಲ್ಲಿ ಮಾತಾಡಲು ಅವನೇ ಆಗಬೇಕು. ಹತ್ತು ವರ್ಷವೂ ತುಂಬದ ಹುಡುಗ ಮನೆಯ ಗುಮಾಸ್ತನಾಗಿದ್ದ. ನಾವು ಅವನನ್ನು ಮೈಗಳ್ಳ ಎಂದು ಗದರುತ್ತಿದ್ದೆವು!

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆವು.

“ಅಜ್ಜೀ, ನೀವು ಈ ವರ್ಷ ಮಸ್ಟರಿಂಗ್ ಮಾಡಿದ್ದೀರಾ?”

“ಅದೆಂತದು ಮಾಷ್ಟ್ರೇ?”

ಅಷ್ಟೇ ಸಾಕಾಯಿತು. ಕೇರಳದಲ್ಲಿ ಕ್ಷೇಮ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಅಕ್ಷಯ ಕೇಂದ್ರಕ್ಕೆ ಹೋಗಿ, ಆಧಾರ್ ಕೊಟ್ಟು, ಬೆರಳೊತ್ತಿ, ತಾವು ಬದುಕಿದ್ದೇವೆಂದು ತೋರಿಸಬೇಕು. ಇದಕ್ಕೆ ಮಸ್ಟರಿಂಗ್ ಎಂದು ಹೆಸರು. ಸತ್ತವರ ಹೆಸರಿನಲ್ಲಿ ಹಣ ಹೋಗಬಾರದು ಎಂಬ ಉದ್ದೇಶ ಸರಿಯಾದದ್ದೇ. ಆದರೆ ಬದುಕಿರುವವರಿಗೆ ವಿಷಯ ಗೊತ್ತಾಗದಿದ್ದರೆ ಅವರೂ ಕಂಪ್ಯೂಟರಿನ ಲೆಕ್ಕದಲ್ಲಿ ಸತ್ತಂತೆಯೇ. 2024ರ ಮಸ್ಟರಿಂಗ್ ಜೂನ್ ಕೊನೆಯಿಂದ ಆಗಸ್ಟ್ ತನಕ, ಸರಿಯಾಗಿ ಮಳೆಗಾಲದಲ್ಲಿ ನಡೆದಿತ್ತು.

ಈಗ ನಮ್ಮ ತಪ್ಪಿನ ವಿಷಯ. ಆ ಜುಲೈಯಲ್ಲಿ ವಾರ್ಡಿನ ಕುಟುಂಬಶ್ರೀಯ ಒಬ್ಬ ಹೆಂಗಸು ಮಸ್ಟರಿಂಗ್ ಬಗ್ಗೆ ಒಂದು ಕಾಗದವನ್ನು ನಮ್ಮ ಶಾಲೆಗೂ ತಂದುಕೊಟ್ಟಿದ್ದರು. “ಮಕ್ಕಳ ಮನೆಯಲ್ಲಿ ಯಾರಾದರೂ ಇದ್ದರೆ ತಿಳಿಸಿ” ಎಂದಿದ್ದರು. ಕಾಗದ ಮಲಯಾಳದಲ್ಲಿತ್ತು. ನಾವು ಅದನ್ನು ಓದಿದೆವು. ನಾಲ್ವರಿಗೂ ಮಲಯಾಳ ಓದಲು ಬರುತ್ತದೆ. ಟಿ.ಸಿ.ಎಚ್. ಮುಗಿಸಿ ಬಂದಾಗ ಬಾರದಿದ್ದವರಿಗೂ ಇಲಾಖೆಯ ಸುತ್ತೋಲೆಗಳೇ ಕಲಿಸಿದವು. ಓದಿ, ಆಫೀಸು ಕೋಣೆಯ ಗೋಡೆಗೆ ಅಂಟಿಸಿದೆವು. ಕರ್ತವ್ಯ ಮುಗಿಯಿತು! ತರಗತಿಯಲ್ಲಿ ಕನ್ನಡದಲ್ಲಿ ಎರಡು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕಿತ್ತು? ಎರಡು ನಿಮಿಷ. ನವೆಂಬರಿನಲ್ಲೂ ಆ ಕಾಗದ ಗೋಡೆಯಲ್ಲೇ ಇತ್ತು, ಒಂದು ಮೂಲೆ ಮಾತ್ರ ಮಳೆಯ ತೇವಕ್ಕೆ ಎದ್ದಿತ್ತು.

ನೀವು ಕೇಳಬಹುದು, ಬಡವರಿಗೆ ನೆರವು ಮುಟ್ಟಿಸುವುದು ನಗರಸಭೆಯ ಕೆಲಸ, ಶಾಲೆಯದ್ದು ಹೇಗಾಯಿತು ಎಂದು. ಸ್ಟಾಫ್ ರೂಮಿನಲ್ಲಿ ನಮ್ಮೊಳಗೂ ಇದೇ ಚರ್ಚೆ ನಡೆಯಿತು. ಹಾಗಾದರೆ ನಗರಸಭೆಯ ಕೆಲಸ ನಿಜವಾಗಿ ಏನು ಎಂದು ಸ್ವಲ್ಪ ಓದಿ ನೋಡಿದೆವು. ಮಕ್ಕಳಿಗೆ ಪೌರನೀತಿ ಪಾಠ ಮಾಡುವ ನಮಗೇ ಅದರಲ್ಲಿ ಅರ್ಧ ಗೊತ್ತಿರಲಿಲ್ಲ.

1992ರಲ್ಲಿ ಅಂಗೀಕಾರವಾಗಿ 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಗಳಿಗೆ ಹೊಸ ಸ್ಥಾನ ಕೊಟ್ಟಿತು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ರಸ್ತೆ, ಸೇತುವೆ, ನೀರು, ಸ್ಮಶಾನ, ಬೀದಿ ದೀಪ ಎಲ್ಲ ಅದರಲ್ಲುಂಟು. ನಗರಸಭೆ ಎಂದರೆ ನಮಗೆ ನೆನಪಾಗುವುದೂ ಇವೇ. ಆದರೆ ಅದೇ ಪಟ್ಟಿಯಲ್ಲಿ ಒಂಬತ್ತನೆಯದ್ದು ಅಂಗವಿಕಲರೂ ಸೇರಿದಂತೆ ದುರ್ಬಲ ವರ್ಗಗಳ ಹಿತರಕ್ಷಣೆ, ಹತ್ತನೆಯದ್ದು ಕೊಳೆಗೇರಿಗಳ ಸುಧಾರಣೆ, ಹನ್ನೊಂದನೆಯದ್ದು ನಗರದ ಬಡತನ ನಿವಾರಣೆ. ಅಂದರೆ ಬೀದಿ ದೀಪ ಉರಿಸುವುದು ಹೇಗೋ ಹಾಗೆಯೇ ಬಡವನ ಮನೆಯ ಒಲೆಯ ವಿಚಾರವೂ ನಗರಸಭೆಗೆ ಸೇರಿದ್ದು. ದೀಪ ಉರಿಯದಿದ್ದರೆ ನಾವು ಫೋನು ಮಾಡುತ್ತೇವೆ. ಒಲೆ ಉರಿಯದಿದ್ದರೆ ಯಾರೂ ಮಾಡುವುದಿಲ್ಲ.

ಇದಕ್ಕೆ ಹೊಂದಿಕೊಂಡು ಕೇರಳದಲ್ಲಿ 1994ರಲ್ಲಿ ಮುನ್ಸಿಪಾಲಿಟಿ ಕಾನೂನು ಬಂತು. ನಗರಸಭೆಯಲ್ಲಿ ಕ್ಷೇಮ ಕಾರ್ಯಗಳಿಗೆಂದೇ ಒಂದು ಸ್ಥಾಯಿ ಸಮಿತಿ ಉಂಟು. ಜನಸಂಖ್ಯೆ ಒಂದು ಲಕ್ಷ ಮೀರದ ನಗರಗಳಲ್ಲಿ ವಾರ್ಡ್ ಸಭೆ ಉಂಟು. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು, ಕೌನ್ಸಿಲರ್ ಅದರ ಸಂಚಾಲಕರು. ಯಾವ ಯೋಜನೆಗೆ ಯಾರು ಅರ್ಹರು, ಯಾರಿಗೆ ಮೊದಲು ಸಿಗಬೇಕು ಎಂಬ ಪಟ್ಟಿ ಅಲ್ಲಿ ಎಲ್ಲರ ಎದುರು ತಯಾರಾಗಬೇಕು. 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯಾಡಳಿತ ಸಂಸ್ಥೆಗಳಿಗೆ ಕೊಡುವುದೆಂದು ತೀರ್ಮಾನವಾಯಿತು. ಕ್ಷೇಮ ಪಿಂಚಣಿಯ ಹಣ ಬರುವುದು ಸರಕಾರದಿಂದಲೇ. ಆದರೆ ಅರ್ಜಿ ಪಡೆಯುವುದು, ವಿಚಾರಿಸುವುದು, ಮಂಜೂರು ಮಾಡುವುದು ಪಂಚಾಯತ್ ಅಥವಾ ನಗರಸಭೆ.

ಬಡವರು ಯಾರು ಎಂದು ಪತ್ತೆಹಚ್ಚುವುದರಲ್ಲೂ ಕೇರಳದ ಒಂದು ನಗರಸಭೆ ಇಡೀ ರಾಜ್ಯಕ್ಕೆ ದಾರಿ ತೋರಿಸಿತು. 1990ರ ದಶಕದ ಆರಂಭದಲ್ಲಿ ಆಲಪ್ಪುಳ ನಗರದಲ್ಲಿ, ತಿಂಗಳಿಗೆ ಎಷ್ಟು ಸಂಪಾದನೆ ಎಂದು ಕೇಳುವುದನ್ನು ಬಿಟ್ಟು, ಕಣ್ಣಿಗೆ ಕಾಣುವ ಒಂಬತ್ತು ಸಂಗತಿಗಳನ್ನು ನೋಡುವ ಕ್ರಮ ಬಂತು. ವಾಸಕ್ಕೆ ತಕ್ಕ ಮನೆ ಇಲ್ಲವೇ? ಪಾಯಿಖಾನೆ ಇಲ್ಲವೇ? ಕುಡಿಯುವ ನೀರು ಸಿಗುವುದಿಲ್ಲವೇ? ಎರಡು ಹೊತ್ತಿನ ಊಟಕ್ಕೂ ಕಷ್ಟವೇ? ದುಡಿಯುವವರು ಒಬ್ಬರೋ, ಅದೂ ಇಲ್ಲವೋ? ಐದು ವರ್ಷದೊಳಗಿನ ಮಕ್ಕಳಿದ್ದಾರೆಯೇ? ಕುಡಿತದ ಚಟ ಇದೆಯೇ? ಪರಿಶಿಷ್ಟ ಜಾತಿ ಅಥವಾ ಪಂಗಡದವರೇ? ಅಕ್ಷರ ಬಾರದ ದೊಡ್ಡವರು ಇದ್ದಾರೆಯೇ? ಒಂಬತ್ತರಲ್ಲಿ ನಾಲ್ಕಕ್ಕೆ ಹೌದು ಎಂದರೆ ಆ ಮನೆ ಬಡ ಮನೆ. ಮನೆಮನೆಗೆ ಹೋಗಿ ಇದನ್ನು ನೋಡಿದವರು ಆಯಾ ನೆರೆಕೂಟದ ಹೆಂಗಸರೇ. ಈ ಅನುಭವ ಮಲಪ್ಪುರಂ ಜಿಲ್ಲೆಗೆ ಹಬ್ಬಿ, ಮುಂದೆ 1998ರಲ್ಲಿ ಕುಟುಂಬಶ್ರೀ ಎಂಬ ಹೆಸರಿನಲ್ಲಿ ರಾಜ್ಯದ ಯೋಜನೆಯಾಯಿತು. ತೀರಾ ನಿರ್ಗತಿಕರಿಗಾಗಿ ‘ಆಶ್ರಯ’ ಬಂತು. 2021ರಲ್ಲಿ ಅತಿ ದಾರಿದ್ರ್ಯ ನಿರ್ಮೂಲನ ಯೋಜನೆ ಶುರುವಾಗಿ, ಊಟ, ಆರೋಗ್ಯ, ಆದಾಯ, ವಸತಿ ಎಂಬ ನಾಲ್ಕರ ಆಧಾರದಲ್ಲಿ 64,006 ಕುಟುಂಬಗಳನ್ನು ಗುರುತಿಸಿ, ಒಂದೊಂದು ಕುಟುಂಬಕ್ಕೂ ಬೇರೆ ಬೇರೆ ಯೋಜನೆ ಮಾಡಿದರು. 2025ರ ನವೆಂಬರ್ 1ರಂದು ಕೇರಳ ಅತಿ ದಾರಿದ್ರ್ಯಮುಕ್ತ ರಾಜ್ಯವೆಂದು ಘೋಷಣೆಯೂ ಆಯಿತು. ಆ ಲೆಕ್ಕದ ಬಗ್ಗೆ ಪ್ರಶ್ನೆ ಎತ್ತಿದವರೂ ಇದ್ದರು, ಅದು ಬೇರೆ ಮಾತು. ಇಷ್ಟು ಕೆಲಸವನ್ನು ಸ್ಥಳೀಯಾಡಳಿತದ ಮೂಲಕ ಮಾಡಿದ್ದನ್ನು ನಾವು ಮೆಚ್ಚಬೇಕು.

ಆದರೆ ಆ ಒಂಬತ್ತನ್ನು ಓದುವಾಗ ನಮಗೆ ನಮ್ಮ ಅಜ್ಜಿ ನೆನಪಾದರು. ‘ಅಕ್ಷರ ಬಾರದ ದೊಡ್ಡವರು ಇದ್ದಾರೆಯೇ?’ ಆ ಮನೆಯಲ್ಲಿ ಇಲ್ಲ. ಅಜ್ಜಿ ನಾಲ್ಕನೇ ಕ್ಲಾಸಿನ ತನಕ ಓದಿದವರು, ಅದೂ ನಮ್ಮದೇ ಶಾಲೆಯಲ್ಲಿ. ಕಣ್ಣು ಚೆನ್ನಾಗಿದ್ದಾಗ ಕನ್ನಡ ಪೇಪರು ಓದುತ್ತಿದ್ದರು. ಪಟ್ಟಿಯಲ್ಲಿ ಅವರು ಅಕ್ಷರಸ್ಥೆ. ನಗರಸಭೆಯ ನೋಟಿಸು ಬೋರ್ಡಿನ ಎದುರು ನಿಂತರೆ? ಅಲ್ಲಿ ಅವರು ನಿರಕ್ಷರಿ. ನಮ್ಮಂಥ ಊರುಗಳಿಗೆ ಹತ್ತನೆಯ ಪ್ರಶ್ನೆ ಒಂದು ಬೇಕು: ‘ಕಚೇರಿಯ ಭಾಷೆಯನ್ನು ಓದಬಲ್ಲವರು ಮನೆಯಲ್ಲಿ ಇದ್ದಾರೆಯೇ?’

ಕಾನೂನಿನಲ್ಲಿ ಇದಕ್ಕೆ ಜಾಗವೇ ಇಲ್ಲವೆಂದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಒಂದು ಹಕ್ಕು ಉಂಟು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆ ಸರಕಾರದ ಸ್ಥಳೀಯ ಕಚೇರಿಗಳೊಂದಿಗೆ ನಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡ ಸಭೆಗಳಲ್ಲಿ ನಾವೆಲ್ಲ ಇದನ್ನು ಎಷ್ಟೋ ಸಲ ಭಾಷಣದಲ್ಲಿ ಕೇಳಿದ್ದೇವೆ, ನಾವೇ ಭಾಷಣ ಮಾಡಿದ್ದೂ ಉಂಟು. ಆದರೆ ಈ ಹಕ್ಕು ಪತ್ರ ಬರೆಯುವವರದ್ದು. ಅಜ್ಜಿ ಯಾರಿಗೂ ಪತ್ರ ಬರೆಯಲಿಲ್ಲ. ಬರೆದವರಿಗೆ ಕನ್ನಡದಲ್ಲಿ ಉತ್ತರ ಬರಬಹುದು. ಬರೆಯಬೇಕೆಂದೇ ಗೊತ್ತಿಲ್ಲದವರಿಗೆ?

2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ತಲಪಾಡಿಯಲ್ಲಿ ಗಡಿ ಮುಚ್ಚಿತ್ತು, ಮಂಗಳೂರಿನ ಆಸ್ಪತ್ರೆಗೂ ಹೋಗುವಂತಿರಲಿಲ್ಲ. ಆಗ ಕೇರಳದ ಪಂಚಾಯತ್, ನಗರಸಭೆಗಳು ಕೆಲವೇ ದಿನಗಳಲ್ಲಿ ಸಮುದಾಯ ಅಡುಗೆಮನೆ ತೆರೆದವು. ನಮ್ಮ ಕಡೆಯೂ ಹಸಿದವರ ಮನೆ ಬಾಗಿಲಿಗೆ ಊಟದ ಪೊಟ್ಟಣ ಬಂತು. ತಂದವರು ಯಾವ ಭಾಷೆಯವರೆಂದು ಯಾರೂ ಕೇಳಲಿಲ್ಲ. ಅನ್ನಕ್ಕೆ ಭಾಷೆ ಬೇಡ, ಅರ್ಜಿಗೆ ಬೇಕು. ತೊಂದರೆ ಇರುವುದು ಇಲ್ಲಿಯೇ.

ಮತ್ತೆ ಅಜ್ಜಿಯ ಕತೆಗೆ ಬರುತ್ತೇವೆ. ಡಿಸೆಂಬರಿನಲ್ಲಿ ಅವರನ್ನು ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಯಂತ್ರದ ಮೇಲೆ ಒಂದೊಂದೇ ಬೆರಳು ಒತ್ತಿದರು. ಹತ್ತು ಬೆರಳೂ ಒತ್ತಿದ್ದಾಯಿತು. ಹಿಡಿಯಲಿಲ್ಲ! ಜೀವಮಾನವಿಡೀ ಬೀಡಿ ಎಲೆ ಮಡಚಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಹಾಗೆ ಬೆರಳಚ್ಚು ಸಿಗದವರು ಜೀವಂತ ಇರುವುದಕ್ಕೆ ಪ್ರಮಾಣಪತ್ರವನ್ನು ಸ್ಥಳೀಯಾಡಳಿತ ಸಂಸ್ಥೆಗೆ ಕೊಡಬೇಕು. ಅದನ್ನೂ ಮಾಡಿಸಿ, ಜತೆಗೆ ಒಂದು ಅರ್ಜಿ ಬರೆದೆವು. ಹಟದಿಂದ ಕನ್ನಡದಲ್ಲೇ ಬರೆದೆವು. 1969ರ ಕಾನೂನು ತಲೆಯಲ್ಲಿತ್ತಲ್ಲ!

ಕಚೇರಿಯ ಹೆಸರು ಬೇಡ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕನ್ನಡ ಓದುವವರು ಈಗ ಈ ವಿಭಾಗದಲ್ಲಿ ಇಲ್ಲ, ನೀವೇ ಓದಿ ಹೇಳಿ ಮಾಷೇ ಎಂದರು. ನಾವು ನಮ್ಮ ಕನ್ನಡ ಅರ್ಜಿಯನ್ನು ಮಲಯಾಳದಲ್ಲಿ ಓದಿ ಹೇಳಿದೆವು. ಅವರು ಅದರ ಅಂಚಿನಲ್ಲಿ ಮಲಯಾಳದಲ್ಲಿ ನಾಲ್ಕು ಸಾಲು ಬರೆದುಕೊಂಡರು. ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಅಜ್ಜಿ ಒಬ್ಬರೇ ಬಂದಿದ್ದರೆ ಓದಿ ಹೇಳುವವರು ಯಾರು?

ದಾರಿಯಲ್ಲಿ ಅಜ್ಜಿ ಹೇಳಿದ ಮಾತು: “ಅವರು ಕೊಡುವಾಗ ಕೊಟ್ಟಾರು ಮಾಷ್ಟ್ರೇ. ಧರ್ಮಕ್ಕೆ ಕೊಡುವುದನ್ನು ಕೇಳ್ಲಿಕ್ಕೆ ಹೋದದ್ದು ಸರಿಯಾ ಅಂತ.” ಇದು ಧರ್ಮಕ್ಕೆ ಕೊಡುವುದಲ್ಲ, ನಿಮಗೆ ಸಲ್ಲಬೇಕಾದದ್ದು, ಕೊಡುವುದು ಅವರ ಕರ್ತವ್ಯ ಎಂದು ನಾವು ಹೇಳಿದೆವು. ಅವರು ತಲೆಯಾಡಿಸಿದರು, ಒಪ್ಪಿದ್ದು ಕಾಣಲಿಲ್ಲ. ಹತ್ತಾರು ವರ್ಷ ಅರ್ಥವಾಗದ ಕಾಗದಗಳಿಗೆ ಹೆಬ್ಬೆರಳೋ ರುಜುವೋ ಹಾಕುತ್ತಾ ಬಂದವರಿಗೆ, ಬಂದದ್ದೆಲ್ಲ ಯಾರದ್ದೋ ದಯೆಯಂತೆ ಕಂಡರೆ ಆಶ್ಚರ್ಯವಿಲ್ಲ. ತನ್ನ ಭಾಷೆಯಲ್ಲಿ ಓದಿದ್ದನ್ನು ಮನುಷ್ಯ ಹಕ್ಕು ಎಂದು ಕೇಳುತ್ತಾನೆ, ಓದಲಾಗದ್ದನ್ನು ಬೇಡುತ್ತಾನೆ.

ಜನವರಿಯಿಂದ ಪಿಂಚಣಿ ಮತ್ತೆ ಬರತೊಡಗಿತು. ನಡುವಿನ ನಾಲ್ಕು ತಿಂಗಳ 6,400 ರೂಪಾಯಿ ಇದುವರೆಗೆ ಬಂದಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿದ್ದೆವೋ ಇಲ್ಲವೋ. ಆ ಮಾರ್ಚಿನಲ್ಲಿ ಹುಡುಗನ ದೊಡ್ಡಮ್ಮ ಟಿ.ಸಿ. ಕೇಳಲು ಬಂದರು. ನಾಲ್ಕನೇ ತರಗತಿ ಮುಗಿದರೆ ನಮ್ಮ ಶಾಲೆಯಿಂದ ಹೇಗೂ ಬೇರೆ ಶಾಲೆಗೆ ಹೋಗಬೇಕು. ಹತ್ತಿರದಲ್ಲೇ ಕನ್ನಡ ಯು.ಪಿ. ಶಾಲೆ ಉಂಟು, ಅಲ್ಲಿಗೇ ಸೇರಿಸಿ ಎಂದೆವು. ಅವರು ಮೆಲ್ಲನೆ ಹೇಳಿದರು: “ಬೇಜಾರು ಮಾಡ್ಬೇಡಿ ಟೀಚರ್. ಅಮ್ಮ ಇದೇ ಶಾಲೆಯಲ್ಲಿ ಕನ್ನಡ ಕಲ್ತದ್ದು. ಪೆನ್ಶನಿನ ಕಾಗದ ಓದ್ಲಿಕ್ಕೆ ಆಗ್ಲಿಲ್ಲ. ಇವನಿಗೂ ಹಾಗೆ ಆಗುದು ಬೇಡ.” ನಮ್ಮ ಹೆಡ್‌ಟೀಚರಿಗೆ ಉತ್ತರ ಹೊಳೆಯಲಿಲ್ಲ. ನಮಗೆ ಯಾರಿಗೂ ಹೊಳೆಯಲಿಲ್ಲ. ಮಕ್ಕಳು ಯಾಕೆ ಕಡಿಮೆಯಾಗುತ್ತಿದ್ದಾರೆ ಎಂದು ಪ್ರತಿ ಜೂನ್ ತಿಂಗಳಲ್ಲೂ ಚರ್ಚೆ ಮಾಡುತ್ತೇವೆ. ಇಂಗ್ಲಿಷಿನ ಮೋಹ ಎನ್ನುತ್ತೇವೆ, ಬಸ್ಸು, ಟೈ, ಬೂಟು ಎನ್ನುತ್ತೇವೆ. ಗೋಡೆಯ ಮೇಲಿನ ಒಂದು ಕಾಗದವೂ ಮಗುವನ್ನು ಕರೆದುಕೊಂಡು ಹೋಗಬಹುದು ಎಂದು ನಮಗೆ ಗೊತ್ತಿರಲಿಲ್ಲ.

ಮಕ್ಕಳು ಮಲಯಾಳ ಕಲಿಯಬಾರದು ಎಂದು ನಾವು ಹೇಳುವುದಿಲ್ಲ. ಈ ನೆಲದಲ್ಲಿ ಬದುಕುವವರು ಅದನ್ನು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ನಮಗೂ ಆ ಭಾಷೆಯೇ ಕಚೇರಿಯಲ್ಲಿ ನೆರವಾದದ್ದು. ಆದರೆ ಅರುವತ್ತು ದಾಟಿದ ಅಜ್ಜಿ ಈಗ ಕಲಿಯಬೇಕೇ, ಅಥವಾ ನಗರಸಭೆ ಒಂದು ಕಾಗದದ ಹಿಂಬದಿಯಲ್ಲಿ ಕನ್ನಡವನ್ನು ಅಚ್ಚು ಹಾಕಬೇಕೇ? ಯಾವುದು ಸುಲಭ?

2025ರ ಜೂನಿನಿಂದ ನಾವು ಒಂದು ಸಣ್ಣ ಕೆಲಸ ಮಾಡುತ್ತಿದ್ದೇವೆ. ಪ್ರತಿ ಶುಕ್ರವಾರ ಕೊನೆಯ ಪಿರಿಯಡಿನಲ್ಲಿ, ಆ ವಾರ ಬಂದ ಸೂಚನೆಗಳನ್ನು ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯುತ್ತೇವೆ. ಮಸ್ಟರಿಂಗ್, ರೇಶನ್ ಕಾರ್ಡಿನ ತಿದ್ದುಪಡಿ, ಮನೆ ರಿಪೇರಿಯ ಅರ್ಜಿ, ವೈದ್ಯಕೀಯ ಶಿಬಿರ, ವಾರ್ಡ್ ಸಭೆಯ ದಿನಾಂಕ. ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳು ಅದನ್ನು ಡೈರಿಯಲ್ಲಿ ಬರೆದುಕೊಂಡು ಮನೆಯಲ್ಲಿ ಓದಿ ಹೇಳಬೇಕು, ದೊಡ್ಡವರ ರುಜು ತರಬೇಕು. ಕಾಪಿ ಬರೆದದ್ದೂ ಆಯಿತು, ಕೆಲಸವೂ ಆಯಿತು. ಅದೇ ಬರಹವನ್ನು ಗೇಟಿನ ಬಳಿ ಒಂದು ಹಲಗೆಯಲ್ಲಿ ಹಾಕುತ್ತೇವೆ. ಮಧ್ಯಾಹ್ನದೂಟದ ಲೆಕ್ಕ, ಚುನಾವಣೆಯ ಡ್ಯೂಟಿ, ಎಲ್ಲದರ ಮೇಲೆ ಇದೊಂದು ಯಾಕೆ ಎಂದು ನಮ್ಮಲ್ಲೇ ಒಬ್ಬರು ಗೊಣಗಿದ್ದರು. ಅವರ ಅಕ್ಷರವೇ ಚೆನ್ನಾಗಿರುವುದರಿಂದ ಈಗ ಬೋರ್ಡು ಬರೆಯುವುದು ಅವರೇ!

ಇದರಿಂದ ನಗರಸಭೆಯ ಹೊಣೆ ಇಳಿಯಿತೆಂದು ಯಾರೂ ತಿಳಿಯಬಾರದು. 2025ರ ಡಿಸೆಂಬರಿನಲ್ಲಿ ಚುನಾವಣೆ ನಡೆದು ಹೊಸ ಆಡಳಿತ ಮಂಡಳಿಗಳು ಬಂದಿವೆ. ನಮ್ಮ ಶಾಲೆಯೇ ಮತಗಟ್ಟೆಯಾಗಿತ್ತು. ವೋಟು ಕೇಳಲು ಬಂದವರೆಲ್ಲ ಕನ್ನಡದಲ್ಲಿ, ತುಳುವಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರು! ಹೊಸ ಕೌನ್ಸಿಲರಿಗೆ ಪಿ.ಟಿ.ಎ. ವತಿಯಿಂದ ಮೂರೇ ಬೇಡಿಕೆ ಕೊಟ್ಟಿದ್ದೇವೆ. ಬಡವರಿಗೆ ಸಂಬಂಧಿಸಿದ ಯಾವ ಸೂಚನೆಯೂ ಕನ್ನಡವಿಲ್ಲದೆ ನಮ್ಮ ವಾರ್ಡಿಗೆ ಬರಬಾರದು. ವಾರ್ಡ್ ಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಕನ್ನಡದಲ್ಲೂ ಓದಬೇಕು. ಪಿಂಚಣಿ ನಿಂತುಹೋದವರ ಮನೆಗೆ ಯಾಕೆ ನಿಂತಿತೆಂದು ಒಬ್ಬರು ಹೋಗಿ ಹೇಳಬೇಕು. ಮೂರನೆಯದ್ದಕ್ಕೆ ಭಾಷೆಯ ಹಂಗೂ ಇಲ್ಲ, ಮಲಯಾಳ ಮಾತಾಡುವ ಅಜ್ಜಿಯಂದಿರಿಗೂ ಅದು ಬೇಕು. ಅವರು ಬರೆದುಕೊಂಡು ಹೋಗಿದ್ದಾರೆ. ನೋಡೋಣ.

ಹುಡುಗ ಈಗ ದೊಡ್ಡಮ್ಮ ಸೇರಿಸಿದ ಶಾಲೆಗೆ ಹೋಗುತ್ತಿದ್ದಾನೆ. ದಾರಿಯಲ್ಲಿ ಸಿಕ್ಕರೆ “ನಮಸ್ತೆ ಮಾಷ್ಟ್ರೇ” ಎನ್ನುತ್ತಾನೆ. ಪಿಂಚಣಿ 2025ರ ನವೆಂಬರಿನಿಂದ 2,000 ರೂಪಾಯಿ ಆಗಿದೆ. ಅಜ್ಜಿ ಕೆಲವು ಶುಕ್ರವಾರ ಗೇಟಿನ ಬಳಿ ಬಂದು, ಹಲಗೆಗೆ ತೀರಾ ಹತ್ತಿರ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಅಕ್ಷರ ಸ್ವಲ್ಪ ದೊಡ್ಡದು ಬರೆಯಿರಿ ಎಂದು ಹೇಳಿ ಕಳುಹಿಸಿದ್ದಾರೆ. ಈಗ ದೊಡ್ಡದಾಗಿ ಬರೆಯುತ್ತಿದ್ದೇವೆ.

ನಿಮ್ಮ ಶಾಲೆಗೂ ಇಂಥ ಕಾಗದಗಳು ಬರುತ್ತಿರಬಹುದು. ತಾಳವಾಡಿಯಲ್ಲಿ ತಮಿಳಿನಲ್ಲಿ, ಜತ್ತದಲ್ಲಿ ಮರಾಠಿಯಲ್ಲಿ, ರಾಯದುರ್ಗದಲ್ಲಿ ತೆಲುಗಿನಲ್ಲಿ. ಒಮ್ಮೆ ಎದ್ದು ನಿಮ್ಮ ಆಫೀಸಿನ ಗೋಡೆ ನೋಡಿ. ಅಲ್ಲಿ ಯಾರ ಪಿಂಚಣಿ ಅಂಟಿಕೊಂಡಿದೆಯೋ!